ಕೌಂಟ್ ಎಷ್ಟು ಎನ್ನುವ ಮೊದಲು: ಪ್ಲೇಟ್‌ಲೆಟ್, ಶ್ವಾಸಕೋಶ ಮತ್ತು ಸೋರುವ ರಕ್ತನಾಳ

ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ: "ಕೌಂಟ್ ಎಷ್ಟು?" ಯಾವ ಕೌಂಟ್ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಜ್ವರ ಬಂದವರು ಶಿವಾಜಿನಗರದವರಾಗಲಿ, ಹಲಸೂರಿನವರಾಗಲಿ, ಕೆ.ಆರ್. ಪುರದವರಾಗಲಿ, ಲ್ಯಾಬಿನ ಚೀಟಿ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಹೋಗುವುದು ಪ್ಲೇಟ್‌ಲೆಟ್ ಎಂಬ ಒಂದೇ ಸಾಲಿಗೆ. ನೀವು ವಿಜ್ಞಾನ ಓದುವವರು ಎಂಬ ಕಾರಣಕ್ಕೆ ಮನೆಯಲ್ಲಿ ಆ ಚೀಟಿಯನ್ನು ನಿಮ್ಮ ಮುಂದೆಯೇ ಹಿಡಿಯುತ್ತಾರೆ. "ಬೇಟಾ, ನೀನು ಬಯಾಲಜಿ ತಗೊಂಡಿದ್ದೀಯಲ್ಲ, ನೋಡು, 40 ಸಾವಿರ ಅಂತ ಬರೆದಿದ್ದಾರೆ, ಇದು ಅಪಾಯವಾ?" ಎಂದು ಖಾಲಾ ಕೇಳಿದರೆ ಏನು ಹೇಳುತ್ತೀರಿ?

ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕಾದರೆ ಪ್ಲೇಟ್‌ಲೆಟ್‌ಗಳು ಮಾಡುವ ಎರಡು ಕೆಲಸಗಳನ್ನೂ ತಿಳಿದಿರಬೇಕು. ಮೊದಲನೆಯದು ನಿಮಗೆ ಗೊತ್ತು: ಗಾಯವಾದರೆ ರಕ್ತ ಹೆಪ್ಪುಗಟ್ಟಿಸುವುದು. ಎರಡನೆಯದು ಪಠ್ಯಪುಸ್ತಕದಲ್ಲಿ ಬಹುತೇಕ ಬರುವುದೇ ಇಲ್ಲ. ಗಾಯವೇ ಇಲ್ಲದ, ಆರೋಗ್ಯವಾಗಿರುವ ರಕ್ತನಾಳದ ಗೋಡೆ ಸೋರದಂತೆ ಪ್ರತಿದಿನ ಕಾಯುವುದು ಆ ಕೆಲಸ. ಅದು ತುಂಬ ಮುಖ್ಯವಾಗುವ ಜಾಗ ಶ್ವಾಸಕೋಶ. ಡೆಂಗಿಯಲ್ಲಿ ಜೀವಕ್ಕೆ ಹೆಚ್ಚಾಗಿ ಕುತ್ತು ತರುವುದು ರಕ್ತಸ್ರಾವಕ್ಕಿಂತ ಸೋರಿಕೆ. ಹಾಗಿದ್ದೂ ಸೋರಿಕೆ ಎಷ್ಟಾಗಿದೆ ಎಂಬುದನ್ನು ಪ್ಲೇಟ್‌ಲೆಟ್ ಸಂಖ್ಯೆ ನೇರವಾಗಿ ಹೇಳುವುದಿಲ್ಲ. ಈ ಪಾಠದ ತಿರುಳು ಇಲ್ಲಿದೆ.

ಪುಸ್ತಕದಲ್ಲಿರುವುದು, ಇಲ್ಲದಿರುವುದು

ಪ್ರಥಮ ಪಿಯುಸಿ ಜೀವಶಾಸ್ತ್ರದ 'ದೇಹ ದ್ರವಗಳು ಮತ್ತು ಪರಿಚಲನೆ' ಅಧ್ಯಾಯ ತೆರೆಯಿರಿ. ಪ್ರೌಢಶಾಲೆಯಲ್ಲಿ ಕಿರುತಟ್ಟೆಗಳು ಎಂದು ಓದಿದ್ದನ್ನೇ ಇಲ್ಲಿ ಪ್ಲೇಟ್‌ಲೆಟ್ ಎನ್ನುತ್ತೇವೆ. ಅಸ್ಥಿಮಜ್ಜೆಯ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯ ಕೋಶಗಳ ಚೂರುಗಳು ಇವು. ಕೋಶಕೇಂದ್ರವಿಲ್ಲ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ 1.5 ಲಕ್ಷದಿಂದ 3.5 ಲಕ್ಷ. ಇವನ್ನು 1880ರ ದಶಕದ ಆರಂಭದಲ್ಲಿ ಇಟಲಿಯ ಟುರಿನ್ ನಗರದಲ್ಲಿ ಜೂಲಿಯೋ ಬಿಟ್ಸೊಝೆರೊ ಸರಿಯಾಗಿ ಗುರುತಿಸಿದರು. ಇವು ಮೆಗಾಕ್ಯಾರಿಯೋಸೈಟ್‌ನಿಂದಲೇ ಹುಟ್ಟುತ್ತವೆ ಎಂದು 1906ರಲ್ಲಿ ತಿಳಿಸಿದವರು ಅಮೆರಿಕದ ಜೇಮ್ಸ್ ಹೋಮರ್ ರೈಟ್.

ಸಂಖ್ಯೆಯ ಅಂದಾಜು ಸಿಗಲಿ ಎಂದು ಒಂದು ಲೆಕ್ಕ. ವಯಸ್ಕರ ದೇಹದಲ್ಲಿ 5 ಲೀಟರ್ ರಕ್ತ, ಅಂದರೆ 50 ಲಕ್ಷ ಘನ ಮಿಲಿಮೀಟರ್. ಪ್ರತಿ ಘನ ಮಿಲಿಮೀಟರಿಗೆ 2.5 ಲಕ್ಷ ಎಂದುಕೊಂಡರೆ ಒಟ್ಟು 1.25 ಲಕ್ಷ ಕೋಟಿ ಪ್ಲೇಟ್‌ಲೆಟ್. ಒಂದರ ಆಯುಷ್ಯ ಹೆಚ್ಚೆಂದರೆ 10 ದಿನ. ಹಾಗಾದರೆ ದಿನಕ್ಕೆ 12,500 ಕೋಟಿ ಹೊಸದಾಗಿ ಹುಟ್ಟಬೇಕು. ಗಾಯ ಮುಚ್ಚಲು ಮಾತ್ರವೇ ಆದರೆ ಇಷ್ಟೊಂದು ಯಾಕೆ? ತರಗತಿಯಲ್ಲಿ ಇದನ್ನು ಕೇಳಿದವರಿದ್ದಾರೆ. ಒಳ್ಳೆಯ ಪ್ರಶ್ನೆ. ರಕ್ತಸ್ರಾವ ನಿಲ್ಲಿಸಲು ಇಷ್ಟು ಬೇಕಾಗಿಲ್ಲ ಎಂಬುದೂ ನಿಜ. 50 ಸಾವಿರ ಇದ್ದವರು ಸಾಮಾನ್ಯವಾಗಿ ತಾವಾಗಿಯೇ ರಕ್ತ ಸುರಿಸುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಸೇರಿಸಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಜೀವಂತ ಇಲಿಯ ಶ್ವಾಸಕೋಶದೊಳಗೆ ಸೂಕ್ಷ್ಮದರ್ಶಕದಿಂದ ನೋಡಿದಾಗ, ಮೆಗಾಕ್ಯಾರಿಯೋಸೈಟ್‌ಗಳು ಮಜ್ಜೆಯಿಂದ ಹೊರಟು ಶ್ವಾಸಕೋಶಕ್ಕೆ ಬಂದು ಅಲ್ಲಿ ಪ್ಲೇಟ್‌ಲೆಟ್ ಬಿಡುವುದು ಕಂಡಿತು. ಇಲಿಯ ಪ್ಲೇಟ್‌ಲೆಟ್‌ಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಶ್ವಾಸಕೋಶದಲ್ಲಿ ಹುಟ್ಟುತ್ತವೆ ಎಂದು ಅವರ ಅಂದಾಜು. ಪರೀಕ್ಷೆಯಲ್ಲಿ ಮಾತ್ರ ಅಸ್ಥಿಮಜ್ಜೆ ಎಂದೇ ಬರೆಯಿರಿ, ಅಂಕ ಅದಕ್ಕೇ ಇರುವುದು. ಆದರೆ ಪ್ಲೇಟ್‌ಲೆಟ್‌ಗೂ ಶ್ವಾಸಕೋಶಕ್ಕೂ ಇರುವ ನಂಟು ನಾವು ಅಂದುಕೊಂಡಿದ್ದಕ್ಕಿಂತ ಹಳೆಯದು, ಹತ್ತಿರದ್ದು ಎಂಬುದು ಮನಸ್ಸಿನಲ್ಲಿರಲಿ.

ಮಲ್ ಬಟ್ಟೆ ಮತ್ತು ಮೊಸರು

ಶ್ವಾಸಕೋಶದ ಕಷ್ಟ ಏನೆಂದರೆ ಅದು ತೆಳ್ಳಗಿರಲೇಬೇಕು. ವಾಯುಕೋಶದ ಗಾಳಿಗೂ ಲೋಮನಾಳದ ರಕ್ತಕ್ಕೂ ನಡುವೆ ಇರುವ ಗೋಡೆ ಬಹುಪಾಲು ಕಡೆ ಅರ್ಧ ಮೈಕ್ರೋಮೀಟರ್‌ನಷ್ಟು, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗ. ಅದು ದಪ್ಪವಾದರೆ ಆಮ್ಲಜನಕ ದಾಟುವುದಿಲ್ಲ. ಆ ಗೋಡೆಯ ಒಟ್ಟು ಹರವು ನಮ್ಮ ಒಂದು ತರಗತಿ ಕೋಣೆಯ ನೆಲದಷ್ಟು. ಹೃದಯ ಒಂದು ನಿಮಿಷಕ್ಕೆ ಹೊರದಬ್ಬುವ ಸುಮಾರು 5 ಲೀಟರ್ ರಕ್ತವೆಲ್ಲ ಅದರ ಮೇಲೆ ಹಾದುಹೋಗಬೇಕು. ಇಷ್ಟು ತೆಳ್ಳಗೆ, ಇಷ್ಟು ಅಗಲವಾಗಿ, ಇಷ್ಟು ರಕ್ತ ಹೊತ್ತುಕೊಂಡೂ ಅದು ಸೋರದೆ ಇರುವುದೇ ಆಶ್ಚರ್ಯ.

ನೀರು ನಾಳದಿಂದ ಹೊರಹೋಗುವುದನ್ನು ನಿಯಂತ್ರಿಸುವ ಎರಡು ಬಲಗಳ ಲೆಕ್ಕವನ್ನು 1896ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಕೊಟ್ಟರು. ಒಳಗಿನ ಒತ್ತಡ ನೀರನ್ನು ಹೊರಕ್ಕೆ ನೂಕುತ್ತದೆ. ಪ್ಲಾಸ್ಮಾದಲ್ಲಿರುವ ಪ್ರೋಟೀನ್, ಮುಖ್ಯವಾಗಿ ಅಲ್ಬುಮಿನ್, ಅದನ್ನು ಒಳಕ್ಕೆ ಹಿಡಿದಿಡುತ್ತದೆ. ಶ್ವಾಸಕೋಶದ ಅಪಧಮನಿಯಲ್ಲಿ ಸರಾಸರಿ ಒತ್ತಡ ಪಾದರಸದ 15 ಮಿಲಿಮೀಟರ್ ಮಾತ್ರ, ದೇಹದ ಉಳಿದ ಅಪಧಮನಿಗಳಲ್ಲಿ 90ಕ್ಕೂ ಹೆಚ್ಚು. ಶ್ವಾಸಕೋಶ ಒಣಗಿರಲು ಇದೊಂದು ಕಾರಣ. ಆದರೆ ಈ ಲೆಕ್ಕ ಸರಿಹೋಗಬೇಕಾದರೆ ಗೋಡೆ ಪ್ರೋಟೀನನ್ನು ಒಳಗೇ ಉಳಿಸಿಕೊಳ್ಳಬೇಕು. ಗೋಡೆಯಲ್ಲಿ ಸಂದು ಬಿಟ್ಟು ಅಲ್ಬುಮಿನ್ ಆಚೆ ಹೋಯಿತೆಂದರೆ ನೀರು ಅದರ ಬೆನ್ನು ಹತ್ತಿ ಹೋಗುತ್ತದೆ.

ಅಡುಗೆಮನೆಯಲ್ಲಿ ಮೊಸರನ್ನು ಮಲ್ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವುದನ್ನು ನೋಡಿದ್ದೀರಿ. ಕೆಳಗೆ ನೀರು ತೊಟ್ಟಿಕ್ಕುತ್ತದೆ, ಬಟ್ಟೆಯೊಳಗೆ ಮೊಸರು ಗಟ್ಟಿಯಾಗುತ್ತ ಹೋಗುತ್ತದೆ. ಬಟ್ಟೆ ಹರಿದಿಲ್ಲ, ಮೊಸರಿನ ಒಂದು ಗಟ್ಟಿಯೂ ಹೊರಗೆ ಬಿದ್ದಿಲ್ಲ. ರಕ್ತನಾಳದ ಸೋರಿಕೆ ಹೀಗೆಯೇ. ಹೊರಗೆ ಹೋಗುವುದು ಪ್ಲಾಸ್ಮಾ. ಕೆಂಪು ರಕ್ತಕಣ ಒಳಗೇ ಉಳಿದು ರಕ್ತ ಗಟ್ಟಿಯಾಗುತ್ತದೆ. ಸೋರಿಕೆ ಬೇರೆ, ರಕ್ತಸ್ರಾವ ಬೇರೆ. ರಕ್ತಸ್ರಾವವೆಂದರೆ ಬಟ್ಟೆಯೇ ಹರಿದು ಮೊಸರು ನೆಲಕ್ಕೆ ಬಿದ್ದಂತೆ. ಈ ವ್ಯತ್ಯಾಸ ತಪ್ಪಿದರೆ ಮುಂದಿನದೆಲ್ಲ ಗೊಂದಲ.

ಗೋಡೆಯನ್ನು ಬಿಗಿಹಿಡಿಯುವ ಸಂದೇಶ

ರಕ್ತನಾಳದ ಒಳಪದರಕ್ಕೆ ಎಂಡೋಥೀಲಿಯಂ ಎಂದು ಹೆಸರು. ಒಂದೇ ಕೋಶದ ದಪ್ಪ. ಕೋಶಗಳು ಹೆಗಲಿಗೆ ಹೆಗಲು ಕೊಟ್ಟು ನಿಂತ ಸಾಲಿನ ಹಾಗೆ ಒಂದನ್ನೊಂದು ಕೆಲವು ಪ್ರೋಟೀನ್‌ಗಳಿಂದ ಹಿಡಿದುಕೊಂಡಿವೆ. ಅವುಗಳಲ್ಲಿ ಮುಖ್ಯವಾದದ್ದು ವಿಇ-ಕ್ಯಾಡ್‌ಹೆರಿನ್. ಈ ಹಿಡಿತ ಗಾರೆ ಹಾಕಿ ಕಟ್ಟಿದಂತೆ ಒಮ್ಮೆ ಮುಗಿದ ಕೆಲಸವಲ್ಲ. ಕ್ಷಣಕ್ಷಣಕ್ಕೂ ಬಿಗಿಯಾಗುತ್ತ ಸಡಿಲಾಗುತ್ತ ಇರುತ್ತದೆ. ಬಿಗಿಯಾಗಿರು ಎಂಬ ಸಂದೇಶ ರಕ್ತದಿಂದಲೇ ಬರುತ್ತಿರಬೇಕು.

ಇದು ಹೇಗೆ ಗೊತ್ತಾಯಿತು? ಅಂಗ ಕಸಿಯ ಆರಂಭದ ದಿನಗಳಲ್ಲಿ, ದೇಹದಿಂದ ಹೊರತೆಗೆದ ಅಂಗಗಳನ್ನು ಜೀವಂತವಾಗಿಡಲು ಅವುಗಳ ನಾಳಗಳಲ್ಲಿ ದ್ರವ ಹರಿಸುತ್ತಿದ್ದರು. ಬರೀ ದ್ರವ ಹರಿಸಿದರೆ ಅಂಗ ಊದಿಕೊಳ್ಳುತ್ತಿತ್ತು. ಆ ದ್ರವಕ್ಕೆ ಪ್ಲೇಟ್‌ಲೆಟ್ ಬೆರೆಸಿದರೆ ನಾಳಗಳು ಹಾಳಾಗದೆ ಉಳಿಯುತ್ತವೆ ಎಂದು 1969ರಲ್ಲಿ ಮೈಕೆಲ್ ಗಿಂಬ್ರೋನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. 1975ರಲ್ಲಿ ಕಿಚನ್ಸ್ ಮತ್ತು ವೈಸ್ ಎಂಬುವರು ಪ್ಲೇಟ್‌ಲೆಟ್ ಕಡಿಮೆ ಮಾಡಿದ ಮೊಲಗಳ ಲೋಮನಾಳಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಾಯವೇ ಇಲ್ಲದ ಜಾಗದಲ್ಲೂ ಒಳಪದರ ತೆಳುವಾಗಿತ್ತು. 1980ರ ದಶಕದಲ್ಲಿ ಇದೇ ಬಗೆಯ ಪ್ರಯೋಗ ಶ್ವಾಸಕೋಶದ ಮೇಲೆಯೇ ನಡೆದು, ಪ್ಲೇಟ್‌ಲೆಟ್ ಇದ್ದಾಗ ಅಲ್ಲಿನ ನಾಳಗಳಿಂದ ಪ್ರೋಟೀನ್ ಹೊರಹೋಗುವುದು ಕಡಿಮೆ ಎಂದು ಕಂಡುಬಂತು.

ಇಲ್ಲಿ ಸೂಕ್ಷ್ಮವೊಂದಿದೆ. ಪ್ಲೇಟ್‌ಲೆಟ್ ಹೋಗಿ ಸಂದಿಗೆ ಬಿರಡೆಯಂತೆ ಕೂರುತ್ತದೆ ಎಂದು ಹಿಂದೆ ಊಹಿಸಿದ್ದರು. ಆದರೆ ಪ್ಲೇಟ್‌ಲೆಟ್‌ಗಳನ್ನು ತೆಗೆದುಹಾಕಿ, ಅವು ಇದ್ದ ದ್ರವವನ್ನಷ್ಟೇ ಎಂಡೋಥೀಲಿಯಂ ಕೋಶಗಳ ಮೇಲೆ ಸುರಿದರೂ ಗೋಡೆ ಬಿಗಿಯಾಯಿತು. ಅಂದರೆ ಅವು ಏನನ್ನೋ ಬಿಡುಗಡೆ ಮಾಡುತ್ತಿವೆ. ಆ ವಸ್ತುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಸ್ಫಿಂಗೋಸಿನ್-1-ಫಾಸ್ಫೇಟ್ ಎಂಬ ಕೊಬ್ಬಿನ ಜಾತಿಯ ಸಣ್ಣ ಅಣು. ಚಿಕ್ಕದಾಗಿ ಎಸ್1ಪಿ ಎನ್ನೋಣ. ಬೇರೆ ಕೋಶಗಳಲ್ಲಿ ಇದನ್ನು ಒಡೆದುಹಾಕುವ ಕಿಣ್ವವಿದೆ. ಪ್ಲೇಟ್‌ಲೆಟ್‌ನಲ್ಲಿ ಆ ಕಿಣ್ವ ಇಲ್ಲದ್ದರಿಂದ ಎಸ್1ಪಿ ಅದರೊಳಗೆ ಕೂಡಿಕೊಳ್ಳುತ್ತದೆ. ಅದು ಹೊರಬಂದು ಎಂಡೋಥೀಲಿಯಂ ಕೋಶದ ಮೇಲಿರುವ ಗ್ರಾಹಕಕ್ಕೆ ಅಂಟಿದಾಗ, ಕೋಶದೊಳಗಿನ ಆಕ್ಟಿನ್ ಎಳೆಗಳು ಅಂಚಿಗೆ ಸರಿದು ಬಳೆಯಂತೆ ಸುತ್ತುಗಟ್ಟುತ್ತವೆ. ಹೌದು, ಸ್ನಾಯುವಿನ ಪಾಠದಲ್ಲಿ ಓದುವ ಅದೇ ಆಕ್ಟಿನ್. ಆಗ ಪಕ್ಕದ ಕೋಶದೊಂದಿಗಿನ ಹಿಡಿತ ಗಟ್ಟಿಯಾಗುತ್ತದೆ. ಶ್ವಾಸಕೋಶದ ನಾಳದ ಕೋಶಗಳಲ್ಲಿ ಇದನ್ನು 2001ರಲ್ಲಿ ವಿವರವಾಗಿ ತೋರಿಸಲಾಯಿತು.

ಇನ್ನೊಂದು ವಸ್ತು ಆಂಜಿಯೋಪಾಯೆಟಿನ್-1. ಪ್ಲೇಟ್‌ಲೆಟ್‌ನ ಸಣ್ಣ ಕಣಚೀಲಗಳಲ್ಲಿ ಇದೂ ಇರುತ್ತದೆ, ಇದರ ಕೆಲಸವೂ ನಾಳವನ್ನು ಶಾಂತವಾಗಿ, ಬಿಗಿಯಾಗಿ ಇಡುವುದು. ಇದಕ್ಕೆ ಎದುರಾಳಿಯಾದ ಆಂಜಿಯೋಪಾಯೆಟಿನ್-2 ಎಂಡೋಥೀಲಿಯಂ ಕೋಶದಲ್ಲೇ ಕೂಡಿಟ್ಟಿರುತ್ತದೆ. ಸೋಂಕಿನ ಹೊತ್ತಿನಲ್ಲಿ ಹೊರಬಂದು ಹಿಡಿತ ಸಡಿಲಿಸುತ್ತದೆ.

ಪ್ಲೇಟ್‌ಲೆಟ್ ಒಂದೇ ಕಾವಲುಗಾರ ಎಂದುಕೊಳ್ಳಬೇಡಿ. ಕೆಂಪು ರಕ್ತಕಣಗಳೂ ಎಸ್1ಪಿಯನ್ನು ಕೂಡಿಟ್ಟು ಹಂಚುತ್ತವೆ. ಪ್ಲಾಸ್ಮಾದಲ್ಲಿ ಸದಾ ಇರುವ ಎಸ್1ಪಿಯ ದೊಡ್ಡ ಪಾಲು ಅವುಗಳದ್ದೇ ಎಂದು ಇಲಿಗಳ ಮೇಲಿನ ಪ್ರಯೋಗಗಳು ಹೇಳುತ್ತವೆ. ಹಾಗಾದರೆ ಪ್ಲೇಟ್‌ಲೆಟ್‌ಗೆ ವಿಶೇಷವೇನು? ಅವು ತೊಂದರೆಯಾದ ಜಾಗಕ್ಕೇ ಹೋಗಿ ಅಂಟಿ, ಅಲ್ಲೇ ಸರಕು ಸುರಿಯಬಲ್ಲವು.

ಒಂದು ಒಗಟು

ಚೆನ್ನಾಗಿ ಯೋಚಿಸುವ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. ಐಟಿಪಿ ಎಂಬ ಕಾಯಿಲೆ ಇದೆ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತದೆ. ಅಂಥವರಲ್ಲಿ ಕೆಲವರ ಕೌಂಟ್ 10 ಸಾವಿರಕ್ಕೆ ಇಳಿದಿರುತ್ತದೆ. ಮೈಮೇಲೆ ಕೆಂಪು ಚುಕ್ಕೆ, ನೀಲಿ ಕಲೆ ಬರುತ್ತವೆ. ಆದರೆ ಅವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದಿಲ್ಲ. ಪ್ಲೇಟ್‌ಲೆಟ್ ಗೋಡೆ ಕಾಯುತ್ತದೆ ಎಂದಾದರೆ, ಅವು ಹೋದಾಗ ಸೋರಬೇಕಲ್ಲವೇ?

ಇದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು 2008ರಲ್ಲಿ. ಪ್ಲೇಟ್‌ಲೆಟ್ ಬಹುತೇಕ ಇಲ್ಲದಂತೆ ಮಾಡಿದ ಇಲಿಗಳು ಸುಮ್ಮನಿದ್ದಾಗ ಹೆಚ್ಚೇನೂ ಆಗಲಿಲ್ಲ. ಅವುಗಳ ಚರ್ಮದಲ್ಲೋ ಶ್ವಾಸಕೋಶದಲ್ಲೋ ಉರಿಯೂತ ಎಬ್ಬಿಸಿದ ಕೂಡಲೇ ಅದೇ ಜಾಗದಲ್ಲಿ ನಾಳಗಳಿಂದ ರಕ್ತ ಹೊರಬಂತು. ಪ್ಲೇಟ್‌ಲೆಟ್ ಇದ್ದ ಇಲಿಗಳಲ್ಲಿ ಅಷ್ಟೇ ಉರಿಯೂತಕ್ಕೆ ಹೀಗಾಗಲಿಲ್ಲ. ಉರಿಯೂತವೆಂದರೆ ಬಿಳಿ ರಕ್ತಕಣಗಳು ಗೋಡೆಯ ಸಂದಿಯಲ್ಲಿ ನುಸುಳಿ ಹೊರಹೋಗುವ ಕಾಲ. ಅವು ದಾಟಿದ ಮೇಲೆ ಬಾಗಿಲು ಹಾಕುವವರು ಬೇಕು. ಸುಮ್ಮನಿರುವ ದಿನಗಳಲ್ಲಿ ಕೆಂಪು ಕಣಗಳು ಮತ್ತು ಉಳಿದಿರುವ ಅಷ್ಟಿಷ್ಟು ಪ್ಲೇಟ್‌ಲೆಟ್ ಸಾಕಾಗುತ್ತವೆ. ಸೋಂಕು ಬಂದ ದಿನ ಸಾಕಾಗುವುದಿಲ್ಲ. ಹಾಗಾಗಿ ಬರೀ ಕೌಂಟ್ ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಗೋಡೆಯ ಸ್ಥಿತಿ ಹೇಗಿದೆ ಎಂಬುದು ಉಳಿದರ್ಧ.

ಡೆಂಗಿಯಲ್ಲಿ ಆಗುವುದೇನು

ಈಗ ನಮ್ಮ ಮಳೆಗಾಲಕ್ಕೆ ಬರೋಣ. ಡೆಂಗಿಯಲ್ಲಿ ಎರಡು ಘಟನೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯುತ್ತವೆ. ಪ್ಲೇಟ್‌ಲೆಟ್ ಇಳಿಯುತ್ತದೆ, ನಾಳಗಳು ಸೋರುತ್ತವೆ. ಒಟ್ಟಿಗೆ ನಡೆಯುವುದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ತೋರುತ್ತದೆ. ಪೂರ್ತಿ ಹಾಗಲ್ಲ.

ಡೆಂಗಿ ವೈರಸ್ ಹೊಕ್ಕ ಕೋಶಗಳು ಎನ್‌ಎಸ್1 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಮೊದಲ ದಿನಗಳಲ್ಲಿ ಲ್ಯಾಬಿನವರು ಪರೀಕ್ಷಿಸುವ ಎನ್‌ಎಸ್1 ಇದೇ. ಈ ಪ್ರೋಟೀನ್ ತಾನೇ ಎಂಡೋಥೀಲಿಯಂ ಹಿಡಿತವನ್ನು ಸಡಿಲಿಸಬಲ್ಲದು ಎಂದು 2015ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಒಳಪದರದ ಮೇಲೆ ಸಕ್ಕರೆಯ ಅಣುಗಳ ನವಿರಾದ ಹೊದಿಕೆ ಇದೆ, ಗ್ಲೈಕೋಕ್ಯಾಲಿಕ್ಸ್ ಎಂದು ಹೆಸರು. ಅದನ್ನೂ ಎನ್‌ಎಸ್1 ಹರಿದುಹಾಕುತ್ತದೆ. ಜೊತೆಗೆ ರೋಗನಿರೋಧಕ ಕೋಶಗಳು ಬಿಡುವ ಉರಿಯೂತದ ರಾಸಾಯನಿಕಗಳು. ಅಂದರೆ ಗೋಡೆಯ ಮೇಲೆ ನೇರ ದಾಳಿ ನಡೆದಿರುತ್ತದೆ. ಅದೇ ವೇಳೆ ಪ್ಲೇಟ್‌ಲೆಟ್ ಕಡಿಮೆಯಾದ್ದರಿಂದ ಬಿಗಿಗೊಳಿಸುವ ಸರಕೂ ಕಡಿಮೆ. ಇಂಡೋನೇಷ್ಯಾದ ಡೆಂಗಿ ರೋಗಿಗಳ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗ ತೀವ್ರವಾದವರಲ್ಲಿ ಆಂಜಿಯೋಪಾಯೆಟಿನ್-1 ಇಳಿದು ಆಂಜಿಯೋಪಾಯೆಟಿನ್-2 ಏರಿತ್ತು. ಇನ್ನೂ ಒಂದು ತಿರುವು: ಉಳಿದ ಪ್ಲೇಟ್‌ಲೆಟ್‌ಗಳು ವೈರಸ್‌ನಿಂದ ಕೆರಳಿ ತಾವೇ ಉರಿಯೂತದ ರಾಸಾಯನಿಕ ಬಿಡಬಹುದು. ಕಾಯುವವರೇ ಕೆಡಿಸುವವರ ಜೊತೆ ಸೇರಿದಂತೆ.

ಶ್ವಾಸಕೋಶದ ಮಟ್ಟಿಗೆ ಡೆಂಗಿಯ ಸೋರಿಕೆ ಹೆಚ್ಚಾಗಿ ಕಾಣುವುದು ವಾಯುಕೋಶದೊಳಗಲ್ಲ, ಶ್ವಾಸಕೋಶವನ್ನು ಸುತ್ತಿರುವ ಪ್ಲೂರಾ ಎಂಬ ಎರಡು ಪದರಗಳ ನಡುವೆ, ಅದರಲ್ಲೂ ಬಲಗಡೆ. ಹೊಟ್ಟೆಯೊಳಗೂ ನೀರು ಸೇರುತ್ತದೆ. ಆದ್ದರಿಂದಲೇ ವೈದ್ಯರು ಎದೆಯ ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ಹೇಳುವುದು. ಅಲ್ಲಿ ಸೇರಿದ ನೀರು ರಕ್ತದಿಂದಲೇ ಹೋದದ್ದು. ನಾಳದೊಳಗೆ ದ್ರವ ಕಡಿಮೆಯಾಗಿ ರಕ್ತದೊತ್ತಡ ಕುಸಿದರೆ ಅದೇ ಡೆಂಗಿ ಶಾಕ್.

ಸೋರಿಕೆಯ ಸಮಯವನ್ನು ನೆನಪಿಡಿ. ಸಾಮಾನ್ಯವಾಗಿ ಜ್ವರದ ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ ಅದು ಶುರುವಾಗಿ 24ರಿಂದ 48 ಗಂಟೆ ಇರುತ್ತದೆ. ಮನೆಯವರು "ಜ್ವರ ಬಿಟ್ಟಿತು" ಎಂದು ನಿಟ್ಟುಸಿರು ಬಿಡುವ ದಿನವೇ ಅದು. ನಿಲ್ಲದ ವಾಂತಿ, ಹೊಟ್ಟೆನೋವು, ಏದುಸಿರು, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಮಂಕುತನ ಅಥವಾ ಚಡಪಡಿಕೆ: ಇವುಗಳಲ್ಲಿ ಯಾವುದು ಕಂಡರೂ ಚೀಟಿಯಲ್ಲಿ ಕೌಂಟ್ ಎಷ್ಟೇ ಇರಲಿ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಚೀಟಿಯಲ್ಲಿ ನೋಡಬೇಕಾದ ಇನ್ನೊಂದು ಸಾಲು ಪಿಸಿವಿ ಅಥವಾ ಹೆಮಟೋಕ್ರಿಟ್. ನೂರು ಭಾಗ ರಕ್ತದಲ್ಲಿ ಕಣಗಳ ಪಾಲು ಎಷ್ಟು ಎಂಬುದು ಅದು. ಮಲ್ ಬಟ್ಟೆಯ ಮೊಸರು ನೆನಪಿದೆಯಲ್ಲ? ಪ್ಲಾಸ್ಮಾ ಸೋರಿದರೆ ಈ ಸಂಖ್ಯೆ ಏರುತ್ತದೆ. 40 ಇದ್ದದ್ದು 48 ಆದರೆ 20 ಶೇಕಡಾ ಏರಿಕೆ. ಸೋರಿಕೆ ಗಣನೀಯವಾಗಿದೆ ಎನ್ನಲು ವೈದ್ಯರು ಬಳಸುವ ಗೆರೆ ಇದು. ಒಂದು ದಿನದ ಸಂಖ್ಯೆಗಿಂತ ದಿನದಿಂದ ದಿನಕ್ಕೆ ಆದ ಬದಲಾವಣೆ ಮುಖ್ಯ. ಅದಕ್ಕೇ ಹಳೆಯ ಚೀಟಿಗಳನ್ನು ಎಸೆಯಬಾರದು.

ಪ್ಲೇಟ್‌ಲೆಟ್ ಕೊಟ್ಟರೆ ಸೋರಿಕೆ ನಿಲ್ಲುತ್ತದೆಯೇ

ಇಷ್ಟೆಲ್ಲ ಓದಿದ ಮೇಲೆ, ಪ್ಲೇಟ್‌ಲೆಟ್ ಗೋಡೆ ಕಾಯುತ್ತದೆ, ಹಾಗಾದರೆ ಹೊರಗಿನಿಂದ ಕೊಟ್ಟರೆ ಆಯಿತು ಎನಿಸುವುದು ಸಹಜ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪುಗಳಲ್ಲಿ ಬರುವ "ತುರ್ತಾಗಿ ಪ್ಲೇಟ್‌ಲೆಟ್ ಬೇಕು" ಎಂಬ ಸಂದೇಶಗಳ ಹಿಂದೆ ಇರುವುದೂ ಇದೇ ನಂಬಿಕೆ.

ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಕೌಂಟ್ 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದ, ಆದರೆ ಗಂಭೀರ ರಕ್ತಸ್ರಾವವಿಲ್ಲದ 372 ವಯಸ್ಕ ಡೆಂಗಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಪ್ಲೇಟ್‌ಲೆಟ್ ಕೊಟ್ಟರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿದೆ: ಪ್ಲೇಟ್‌ಲೆಟ್ ಪಡೆದವರಲ್ಲಿ 21 ಶೇಕಡಾ, ಪಡೆಯದವರಲ್ಲಿ 26 ಶೇಕಡಾ ಜನರಿಗೆ ರಕ್ತಸ್ರಾವವಾಯಿತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ಅಡ್ಡಪರಿಣಾಮ ಮಾತ್ರ ಪಡೆದವರಲ್ಲಿ ಹೆಚ್ಚು: 13 ಪ್ರಕರಣ, ಇನ್ನೊಂದು ಗುಂಪಿನಲ್ಲಿ 2. ರಕ್ತಸ್ರಾವವಿಲ್ಲದವರಿಗೆ ಕೌಂಟ್ ನೋಡಿಯಷ್ಟೇ ಪ್ಲೇಟ್‌ಲೆಟ್ ಕೊಡುವುದು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹೌದು.

ಯಾಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಒಬ್ಬರ ರಕ್ತದಿಂದ ಬೇರ್ಪಡಿಸಿದ ಒಂದು ಯೂನಿಟ್‌ನಲ್ಲಿ ಸುಮಾರು 4,500 ಕೋಟಿ ಪ್ಲೇಟ್‌ಲೆಟ್ ಇರುತ್ತವೆ. ಅದನ್ನು 50 ಲಕ್ಷ ಘನ ಮಿಲಿಮೀಟರಿಗೆ ಹಂಚಿದರೆ 9 ಸಾವಿರ. ಮೂರರಲ್ಲೊಂದು ಪಾಲು ಗುಲ್ಮಕ್ಕೆ ಹೋಗುತ್ತದೆ, ಉಳಿದದ್ದು 6 ಸಾವಿರ. ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿರುವ ಕ್ರಿಯೆ ಹೊಸಬರನ್ನೂ ಬಿಡುವುದಿಲ್ಲ. ಕೆಲವೇ ಗಂಟೆಗಳಲ್ಲಿ ಏರಿದ್ದು ಮತ್ತೆ ಇಳಿದಿರುತ್ತದೆ. ಜೊತೆಗೆ ಗೋಡೆಯ ಮೇಲಿನ ದಾಳಿ ನಿಂತಿಲ್ಲ.

ಇನ್ನೊಂದು ಮಾತು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹೊರಗಿನಿಂದ ಕೊಟ್ಟ ರಕ್ತದ ಯಾವುದೇ ಅಂಶ, ಅದರಲ್ಲೂ ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್, ಅಪರೂಪಕ್ಕೆ ಶ್ವಾಸಕೋಶದ ನಾಳಗಳನ್ನೇ ಸೋರುವಂತೆ ಮಾಡಬಹುದು. ಟ್ರಾಲಿ ಎಂದು ಇದರ ಹೆಸರು. ದಾನಿಯ ಪ್ಲಾಸ್ಮಾದಲ್ಲಿರುವ ಪ್ರತಿಕಾಯಗಳು ಶ್ವಾಸಕೋಶದಲ್ಲಿ ನಿಂತಿರುವ ಬಿಳಿ ಕಣಗಳನ್ನು ಕೆರಳಿಸುವುದು ಒಂದು ಕಾರಣ. ಕೊಟ್ಟ ಆರು ಗಂಟೆಯೊಳಗೆ ಉಸಿರಾಟ ಕಷ್ಟವಾಗುತ್ತದೆ. ಹಾಗೆಂದು ಪ್ಲೇಟ್‌ಲೆಟ್ ಕೊಡುವುದೇ ತಪ್ಪಲ್ಲ. ನಿಜವಾಗಿ ರಕ್ತಸ್ರಾವವಾಗುತ್ತಿರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅದು ಜೀವದಾನ. ರಕ್ತ ಕೊಟ್ಟು ಪ್ಲೇಟ್‌ಲೆಟ್ ಏರಿಸಿದರೆ ರಕ್ತಸ್ರಾವ ನಿಲ್ಲುತ್ತದೆ ಎಂದು 1910ರಷ್ಟು ಹಿಂದೆಯೇ ವಿಲಿಯಂ ಡ್ಯೂಕ್ ತೋರಿಸಿದ್ದರು. ಪ್ಲೇಟ್‌ಲೆಟ್ ಚೀಲವನ್ನು 20ರಿಂದ 24 ಡಿಗ್ರಿಯಲ್ಲಿ ನಿಲ್ಲಿಸದೆ ಅಲುಗಾಡಿಸುತ್ತ 5 ದಿನ ಮಾತ್ರ ಇಡಬಹುದು. ಅನವಶ್ಯಕವಾಗಿ ಬಳಸಿದ ಪ್ರತಿ ಚೀಲ ಬೇಕಾದವರೊಬ್ಬರಿಗೆ ಸಿಗದೆ ಹೋಗುತ್ತದೆ.

ಸೋರಿಕೆಗೆ ಚಿಕಿತ್ಸೆ ದ್ರವ. ಕುಡಿಯಲು ಆಗುವವರಿಗೆ ಓಆರ್‌ಎಸ್, ಎಳನೀರು, ಗಂಜಿ. ಆಗದವರಿಗೆ ಆಸ್ಪತ್ರೆಯಲ್ಲಿ ಡ್ರಿಪ್. ಅಲ್ಲೂ ಅಳತೆ ಬೇಕು. ಸೋರಿಕೆ ನಿಂತ ಮೇಲೆ ಹೊರಹೋದ ನೀರು ಎರಡು ಮೂರು ದಿನಗಳಲ್ಲಿ ನಾಳಕ್ಕೆ ವಾಪಸ್ ಬರುತ್ತದೆ. ಆಗಲೂ ಡ್ರಿಪ್ ಸುರಿಯುತ್ತಲೇ ಇದ್ದರೆ ದ್ರವ ಹೆಚ್ಚಾಗಿ ವಾಯುಕೋಶಗಳಿಗೇ ನುಗ್ಗಬಹುದು. "ಇನ್ನೊಂದು ಬಾಟಲಿ ಹಾಕಿ" ಎಂದು ಡಾಕ್ಟರನ್ನು ಒತ್ತಾಯಿಸುವ ಚಾಚಾಗಳಿಗೆ ಇದನ್ನು ಮೆಲ್ಲಗೆ ತಿಳಿಸಿ.

ಪಪ್ಪಾಯಿ ಎಲೆಯ ರಸದ ವಿಷಯ ಕೇಳದೆ ನೀವು ಬಿಡುವುದಿಲ್ಲ. ಕೌಂಟ್ ತುಸು ಬೇಗ ಏರುತ್ತದೆ ಎಂದು ಹೇಳುವ ಕೆಲವು ಸಣ್ಣ ಅಧ್ಯಯನಗಳಿವೆ. ಸೋರಿಕೆ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಾಂತಿ ಮಾಡುತ್ತಿರುವವರಿಗೆ ಆ ಕಹಿ ರಸ ಕುಡಿಸಿ ಇನ್ನಷ್ಟು ವಾಂತಿ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ನೋವಿನ ಮಾತ್ರೆಗಳಲ್ಲಿ ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಬೇಡ. ಆಸ್ಪಿರಿನ್ ಪ್ಲೇಟ್‌ಲೆಟ್‌ನ ಒಂದು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಕೋಶಕೇಂದ್ರ ಇಲ್ಲದ ಕಾರಣ ಪ್ಲೇಟ್‌ಲೆಟ್ ಆ ಕಿಣ್ವವನ್ನು ಮತ್ತೆ ತಯಾರಿಸಿಕೊಳ್ಳಲಾರದು. ಒಂದು ಅಂಕದ ಪ್ರಶ್ನೆಗೆ ಒಳ್ಳೆಯ ವಿಷಯ.

ತೊಟ್ಟಿ ಮತ್ತು ಟೈರು

ಗೋಡೆಯ ಮೇಲೆ ದಾಳಿಯೇ ಆಗದಿದ್ದರೆ ಇಷ್ಟೆಲ್ಲ ಬೇಕಿಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ವೈದ್ಯ ನಮ್ಮ ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ಸರ್ಜನ್ ಆಗಿದ್ದರು. ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಹರಿದಾಡುವುದನ್ನು ಕಂಡು ನೀರು ಚೆಲ್ಲಿಸಿದರು, ಕಾಟ ಇಳಿಯಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡು, 1902ರಲ್ಲಿ ನೊಬೆಲ್ ಪಡೆದವರು ಇವರೇ. ಡೆಂಗಿಯ ಈಡಿಸ್ ಸೊಳ್ಳೆ ಬೇರೆ ಜಾತಿ. ಹಗಲು ಕಚ್ಚುತ್ತದೆ, ಮನೆಯ ಸುತ್ತಲಿನ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಆದರೆ ತೊಟ್ಟಿಯ ಪಾಠ ಅದಕ್ಕೂ ಹೊಂದುತ್ತದೆ. ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಪೇರಿಸಿದ ಟೈರು, ತಾರಸಿಯ ಡ್ರಮ್ಮು, ಮುಚ್ಚಳ ಸರಿಯಿಲ್ಲದ ಸಂಪು, ಕೂಲರಿನ ತಟ್ಟೆ: ವಾರಕ್ಕೊಮ್ಮೆ ಖಾಲಿ ಮಾಡಿದರೆ ಮೊಟ್ಟೆ ಸೊಳ್ಳೆಯಾಗುವಷ್ಟು ಸಮಯ ಸಿಗುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು.

ನೋಟ್ ಪುಸ್ತಕಕ್ಕೆ

ಕೆಳಗಿನ ಎರಡು ರಿಪೋರ್ಟ್‌ಗಳನ್ನು ಪಾಠಕ್ಕೆಂದು ಕಟ್ಟಿದ್ದು, ಯಾರದ್ದೂ ಅಲ್ಲ. ಇಬ್ಬರಿಗೂ ಡೆಂಗಿ, ಐದನೆಯ ದಿನ, ಇಬ್ಬರೂ ವೈದ್ಯರ ನಿಗಾದಲ್ಲಿದ್ದಾರೆ.

ಮೊದಲನೆಯವರು: ಪ್ಲೇಟ್‌ಲೆಟ್ 22 ಸಾವಿರ. ಪಿಸಿವಿ ಮೂರನೆಯ ದಿನ 40, ಇವತ್ತು 41. ಗಂಜಿ ಕುಡಿದಿದ್ದಾರೆ, ಮೂತ್ರ ಸರಿಯಾಗಿದೆ, ಎಲ್ಲೂ ರಕ್ತ ಬಂದಿಲ್ಲ.

ಎರಡನೆಯವರು: ಪ್ಲೇಟ್‌ಲೆಟ್ 75 ಸಾವಿರ. ಪಿಸಿವಿ ಮೂರನೆಯ ದಿನ 39, ಇವತ್ತು 48. ಬೆಳಿಗ್ಗೆಯಿಂದ ಜ್ವರವಿಲ್ಲ. ಹೊಟ್ಟೆನೋವು, ಎರಡು ಬಾರಿ ವಾಂತಿ, ಮಧ್ಯಾಹ್ನದಿಂದ ಮೂತ್ರಕ್ಕೆ ಹೋಗಿಲ್ಲ.

ಪಿಸಿವಿ ಶೇಕಡಾ ಎಷ್ಟು ಏರಿದೆ ಎಂದು ಇಬ್ಬರಿಗೂ ಲೆಕ್ಕ ಹಾಕಿ. ಯಾರ ನಾಳಗಳು ಸೋರುತ್ತಿವೆ? ಎರಡನೆಯವರ ಎದೆಯ ಎಕ್ಸ್‌ರೇಯಲ್ಲಿ ನೀರು ಯಾವ ಜಾಗದಲ್ಲಿ, ಹೆಚ್ಚಾಗಿ ಯಾವ ಬದಿಯಲ್ಲಿ ಕಾಣಬಹುದು? ಮೊದಲನೆಯವರ ಮನೆಯವರು ನಾಲ್ಕು ಯೂನಿಟ್ ಪ್ಲೇಟ್‌ಲೆಟ್ ತಂದು ನಿಂತಿದ್ದಾರೆ. ಅದರಿಂದ ಕೌಂಟ್ ಎಷ್ಟು ಏರಬಹುದು, ಎಷ್ಟು ಹೊತ್ತು ಉಳಿಯಬಹುದು? ಅವರಿಗೆ ನೀವು ಏನು ಹೇಳುತ್ತೀರಿ ಎಂಬುದನ್ನು ಮನೆಯಲ್ಲಿ ಆಡುವ ಮಾತಿನಲ್ಲೇ, ಉರ್ದುವಾಗಲಿ ತಮಿಳಾಗಲಿ, ಐದು ವಾಕ್ಯದಲ್ಲಿ ಹೇಳಿ ನೋಡಿ. ಆಮೇಲೆ ಕನ್ನಡದಲ್ಲಿ ಬರೆದು ಮುಂದಿನ ಪ್ರಯೋಗಾಲಯದ ತರಗತಿಗೆ ತನ್ನಿ.